ಸೂರ್ಯನಿಂದ ಮಗುವಿಗೆ ಏನೂ ಆಗುವುದಿಲ್ಲ

ಏಪ್ರಿಲ್ 8, 2001, ಭಾನುವಾರ. ಲುಸಾಕಾ

ನಮ್ಮ ಲೈಟಿಂಗ್ ವಿಭಾಗದ ಸಿಯಾಮೆಯನ್ನು ಇವತ್ತು ಮಣ್ಣು ಮಾಡಿ ಬಂದೆವು. ನನ್ನ ಟೀವಿ ಕಾರ್ಯಕ್ರಮ ಶುರುವಾದ ಮೊದಲ ದಿನದಿಂದ ನನ್ನ ಮುಖಕ್ಕೆ ಬೆಳಕು ಹಿಡಿದವನು. ಪಾದ್ರಿಗಳು 'ಅಲ್ಪಕಾಲದ ಅಸ್ವಸ್ಥತೆಯಿಂದ' ಎಂದರು. ಎಲ್ಲರೂ ತಲೆಯಾಡಿಸಿದೆವು. ಈ ವರ್ಷ ನಮ್ಮ ಟೆಲಿವಿಷನ್ ಕೇಂದ್ರದಿಂದ ಇದು ಎಷ್ಟನೆಯ ಸಾವೋ, ನೆನಪಿಡುವುದನ್ನು ಬಿಟ್ಟಿದ್ದೇನೆ. ವಾರದ ಕೊನೆ ಎಂದರೆ ಸ್ಮಶಾನ ಎಂದಾಗಿಬಿಟ್ಟಿದೆ. ಕರಿ ಸೂಟನ್ನು ಇಸ್ತ್ರಿಗೆ ಕೊಡುವುದಕ್ಕೂ ಪುರುಸೊತ್ತಿಲ್ಲ.

ಮನೆಗೆ ಬಂದರೆ ಪ್ರಿಸ್ಕಾ ಬಂದು ಕೂತಿದ್ದಳು. ನನಗಿರುವವಳು ಇವಳೊಬ್ಬಳೇ ತಂಗಿ. ಫೆಬ್ರವರಿಯಲ್ಲಿ ಗಂಡ ತೀರಿಕೊಂಡ ಮೇಲೂ ಕಿಟ್ವೆಯಲ್ಲೇ ಇದ್ದಳು. ಗಂಡನ ಕಡೆಯವರು ಮೊದಲು ಫ್ರಿಜ್ಜು ಹೊತ್ತುಕೊಂಡು ಹೋದರಂತೆ, ಆಮೇಲೆ ಸೋಫಾ, ಕೊನೆಗೆ ಕಿಟಕಿಯ ಪರದೆಗಳನ್ನೂ ಬಿಚ್ಚಿಕೊಂಡರಂತೆ. ದಿನವಿಡೀ ಬಸ್ಸಿನಲ್ಲಿ ಕೂತು ಕಾಲು ಊದಿಕೊಂಡಿತ್ತು. ಹೊಟ್ಟೆ ಮುಂದೆ ಬಂದಿದೆ. ಆರನೇ ತಿಂಗಳು ಎಂದು ಎಸ್ನಾರ್ಟ್ ಆಮೇಲೆ ಹೇಳಿದಳು. ಇಂಥದ್ದನ್ನೆಲ್ಲ ನಾನು ಹೆಂಡತಿಯ ಬಾಯಿಂದಲೇ ಕೇಳಬೇಕು. ತಂಗಿಯ ಮೈ ವಿಚಾರ ಅಣ್ಣ ಆಡುವ ಮಾತಲ್ಲ.

ಅವಳ ಗಂಡನಿಗಿದ್ದದ್ದು ಎದೆರೋಗ.

ಏಪ್ರಿಲ್ 19, ಗುರುವಾರ

ಇವತ್ತು ಸಿಲುಂಬ್ವೆ ಕರೆದಿದ್ದ. ಕಾರ್ಯಕ್ರಮಗಳ ಮುಖ್ಯಸ್ಥ, ನನಗಿಂತ ಹತ್ತು ವರ್ಷ ಚಿಕ್ಕವನು. ಒಳ್ಳೆಯವನೇ. ಆದರೆ ಮಾತಾಡುವಾಗ ಯಾವಾಗಲೂ ಮೇಲಿನ ಮಹಡಿಯ ಕಡೆ ಒಂದು ಕಿವಿ ಇಟ್ಟಿರುತ್ತಾನೆ.

ಜೂನ್ ಇಪ್ಪತ್ತೊಂದಕ್ಕೆ ಪೂರ್ಣ ಸೂರ್ಯಗ್ರಹಣ. ನೆರಳು ನೇರ ನಮ್ಮ ಊರಿನ ಮೇಲೇ ಹಾದುಹೋಗುತ್ತದೆ. ಅಲ್ಲಿಯವರೆಗೆ ನನ್ನ 'ಯಾಕೆ ಹೀಗೆ?' ಕಾರ್ಯಕ್ರಮದಲ್ಲಿ ಗ್ರಹಣ ಬಿಟ್ಟು ಬೇರೇನೂ ಬರಕೂಡದಂತೆ. ಮಾರ್ಚಿನಲ್ಲಿ ಡಾಕ್ಟರ್ ಮುಬಿಯಾನಾ ಅವರ ಹೆರಿಗೆ ಕ್ಲಿನಿಕ್ಕಿನಲ್ಲಿ ಚಿತ್ರೀಕರಿಸಿದ್ದರ ಗತಿ ಏನು ಎಂದು ಕೇಳಿದೆ. ಆ ಕಾಯಿಲೆ ಇರುವ ತಾಯಿಗೆ ನೋವು ಶುರುವಾದಾಗ ಒಂದು ಮಾತ್ರೆ, ಹುಟ್ಟಿದ ಮಗುವಿನ ಬಾಯಿಗೆ ಕೆಲವು ಹನಿ ಔಷಧ. ಇಷ್ಟರಿಂದಲೇ ಮಗುವಿಗೆ ಅಂಟುವುದು ಅರ್ಧಕ್ಕರ್ಧ ತಗ್ಗುತ್ತದೆ. ಸದ್ಯಕ್ಕೆ ಇದು ಸಿಗುವುದು ಕೆಲವೇ ಕ್ಲಿನಿಕ್ಕುಗಳಲ್ಲಿ. ಹಾಗೆಂದು ಗೊತ್ತಿರುವವರು ಇನ್ನೂ ಕಡಿಮೆ.

"ಗೆರ್ಷೋಮ್ ಅವರೇ, ಪ್ರಪಂಚವೆಲ್ಲ ಗ್ರಹಣ ನೋಡೋಕೆ ನಮ್ಮ ಮನೆ ಬಾಗಿಲಿಗೆ ಬರ್ತಿದೆ. ನೀವು ನೋಡಿದ್ರೆ ಆಸ್ಪತ್ರೆ ವಾಸನೆ ತೋರಿಸ್ತೀನಿ ಅಂತೀರಿ. ಆಗಸ್ಟಲ್ಲಿ ನೋಡೋಣ ಬಿಡಿ," ಎಂದ.

ನಾನು ವಾದಿಸಲಿಲ್ಲ. ಹಿಂದೆಯಾಗಿದ್ದರೆ ಮೇಜು ಗುದ್ದಿ ಬರುತ್ತಿದ್ದೆ. ಹದಿನಾರು ವರ್ಷ ಹೇಳಿದ್ದಾಯಿತು. ನೀರು ಕುದಿಸಿ ಕುಡಿಯಿರಿ ಎಂದೆ, ಸೊಳ್ಳೆಪರದೆ ಕಟ್ಟಿ ಎಂದೆ. ಕೇಳುವವರು ಕೇಳಿದ್ದಾರೆ. ಗ್ರಹಣವಾದರೆ ಗ್ರಹಣ. ಅದಕ್ಕೆ ಔಷಧ ಹುಡುಕಬೇಕಾಗಿಲ್ಲ, ಅದರಷ್ಟಕ್ಕೆ ಬಿಡುತ್ತದೆ.

ಮೇ 2, ಬುಧವಾರ

ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ.

ಬೆಳಿಗ್ಗೆ ಪ್ರಿಸ್ಕಾ ಕೈ ತೊಳೆಯಲು ನೀರಿನ ಬೋಗುಣಿ ತಂದು ನನ್ನ ಮುಂದೆ ಮಂಡಿಯೂರಿದಳು. ಹೆಗಲ ಮೇಲಿನ ಬಟ್ಟೆ ಜಾರಿತು. ಕುತ್ತಿಗೆಯ ಬಲಗಡೆಯಿಂದ ಭುಜದವರೆಗೆ ಸರ್ಪಸುತ್ತಿನ ಕಲೆ. ಒಣಗಿ ಕಪ್ಪಾಗಿದೆ, ಹಳೆಯದು. ಅವಳು ಬಟ್ಟೆ ಸರಿಮಾಡಿಕೊಂಡಳು. ನಾನು ಕೈ ತೊಳೆದೆ.

ಇಂಥದ್ದೇ ಕಲೆಯನ್ನು ಹತ್ತಿರದಿಂದ ತೋರಿಸಿ, ಪ್ರಾಯದವರಲ್ಲಿ ಇದು ಕಂಡರೆ ಏನೆಂದು ಅನುಮಾನಿಸಬೇಕು ಅಂತ ದೇಶಕ್ಕೆಲ್ಲ ಹೇಳಿದವನು ನಾನು. ಎಷ್ಟು ಸ್ಪಷ್ಟವಾಗಿ ಹೇಳಿದೆ ಎಂದು ಆಗ ಬಹುಮಾನವನ್ನೂ ಕೊಟ್ಟಿದ್ದರು.

ಪ್ರಿಸ್ಕಾ ಮಾರುಕಟ್ಟೆಗೆ ಹೋದಾಗ ಎಸ್ನಾರ್ಟ್ ಹತ್ತಿರ ಮಾತು ತೆಗೆದೆ. ನೀನಾದರೂ ಹೇಳು, ಕ್ಲಿನಿಕ್ಕಿಗೆ ಕರೆದುಕೊಂಡು ಹೋಗು ಎಂದೆ. ಅವಳು ಶಾಲೆಯ ಉತ್ತರಪತ್ರಿಕೆ ತಿದ್ದುತ್ತಿದ್ದಳು, ತಲೆ ಎತ್ತಲಿಲ್ಲ. ಹಾಸ್ಟೆಲಿನಲ್ಲಿ ಓದುತ್ತಿರುವ ಮಗನ ಹೆಸರು ಹಿಡಿದೇ ನನ್ನನ್ನು ಕರೆಯುವುದು ಅವಳ ರೂಢಿ.

"ನಾನು ಹೇಳಿದ್ರೆ ಏನರ್ಥ ಆಗುತ್ತೆ ಗೊತ್ತಾ ಲೊಂಬೆ ಅಪ್ಪ? ಅತ್ತಿಗೆ ನನ್ನನ್ನ ಮನೆಯಿಂದ ಓಡಿಸೋಕೆ ನೆಪ ಹುಡುಕ್ತಿದಾಳೆ ಅಂತ. ಅವಳು ಒಂದು ಮನೆಯಿಂದ ಈಗ ತಾನೇ ಓಡಿಸಿಕೊಂಡು ಬಂದಿದಾಳೆ."

ಹಾಗಾದರೆ ಯಾರು ಹೇಳಬೇಕು ಎಂದೆ. ಅವಳು ಕೆಂಪು ಪೆನ್ನಿನ ಮುಚ್ಚಳ ಹಾಕಿ ನನ್ನನ್ನೇ ನೋಡಿದಳು. ನಮ್ಮಲ್ಲಿ ಇಂಥ ಮಾತಿಗೆ ಸೋದರತ್ತೆ ಇರಬೇಕು. ನಮ್ಮ ಸೋದರತ್ತೆಯರೆಲ್ಲ ಮಣ್ಣಾಗಿದ್ದಾರೆ.

ಮೇ 13, ಭಾನುವಾರ

ಮತ್ತೆ ಸ್ಮಶಾನ. ಎಸ್ನಾರ್ಟ್ ಪಾಠ ಮಾಡುವ ಶಾಲೆಯ ಗಣಿತದ ಮೇಷ್ಟ್ರು. ಗಂಡಸರು ಬೆಂಕಿಯ ಸುತ್ತ ಮರದ ದಿಮ್ಮಿಗಳ ಮೇಲೆ ಕೂತು ಫುಟ್ಬಾಲ್ ವಿಚಾರ ಆಡಿದರು. ನಾನೂ ಆಡಿದೆ.

ಮೇ 24, ಗುರುವಾರ

ಚೊಂಗ್ವೆ ದಾರಿಯ ಒಂದು ಶಾಲೆಯಲ್ಲಿ ಚಿತ್ರೀಕರಣ. ಕಿತ್ತಳೆ ಸೂರ್ಯ, ನಿಂಬೆ ಚಂದ್ರ, ಮಕ್ಕಳ ನಗು. ಕ್ಯಾಮೆರಾ ಹಿಡಿಯುವ ಫ್ಯಾಕ್ಸನ್ ಮಧ್ಯಾಹ್ನಕ್ಕೆ ಸೂರ್ಯನನ್ನು ಸುಲಿದು ತಿಂದುಬಿಟ್ಟ. ಎರಡನೇ ಸಲ ತೆಗೆಯಬೇಕೆಂದಾಗ ಚಂದ್ರನ ಹಿಂದೆ ನಿಲ್ಲಲು ಸೂರ್ಯನೇ ಇರಲಿಲ್ಲ. ತಿಂಗಳುಗಳ ಮೇಲೆ ಇವತ್ತೊಂದು ದಿನ ನಕ್ಕೆ.

ಕಚೇರಿಗೆ ಬರುವ ಪತ್ರಗಳಲ್ಲೂ ಫೋನುಗಳಲ್ಲೂ ಒಂದೇ ಪ್ರಶ್ನೆ. ಬಸುರಿಯರು ಗ್ರಹಣ ನೋಡಬಹುದೇ? ಮಗುವಿಗೆ ತುಟಿ ಸೀಳುತ್ತದೆಯೇ, ಮೈಮೇಲೆ ಮಚ್ಚೆ ಬೀಳುತ್ತದೆಯೇ? ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಮಗುವಿಗೆ ಏನೂ ಆಗುವುದಿಲ್ಲ ಎಂದು ಹೇಳಿ ಹೇಳಿ ಬಾಯಿ ನೋಯುತ್ತಿದೆ.

ಸಂಜೆ ಮನೆಯಲ್ಲೂ ಅದೇ. ಪ್ರಿಸ್ಕಾ ನ್ಶಿಮಾ ಮುದ್ದೆಯ ತಟ್ಟೆ ಇಟ್ಟು ಹೋಗದೆ ನಿಂತಳು.

"ಅಣ್ಣ, ಆ ದಿನ ನಾನು ಒಳಗೇ ಇರ್ಬೇಕಾ?"

"ಬೇಡ. ಸೂರ್ಯನಿಂದ ಮಗುಗೆ ಏನೂ ಆಗಲ್ಲ."

"ಮತ್ತೆ ಬೇರೆ ಏನಾದ್ರೂ ನೋಡ್ಕೋಬೇಕಾ? ಮಗುಗೆ ಅಂತ?"

ಅವಳು ನೆಲ ನೋಡುತ್ತಿದ್ದಳು. ನಾನು ತಟ್ಟೆ ನೋಡುತ್ತಿದ್ದೆ. ಹಸಿರು ಸೊಪ್ಪು ತಿನ್ನು, ಐರನ್ ಮಾತ್ರೆ ತಪ್ಪಿಸಬೇಡ ಎಂದೆ. ಸರಿ ಅಣ್ಣ ಎಂದು ಒಳಗೆ ಹೋದಳು.

ತಟ್ಟೆಯನ್ನು ಹಾಗೇ ಮುಚ್ಚಿಟ್ಟೆ.

ಜೂನ್ 9, ಶನಿವಾರ

ಚಳಿ. ಗಾಳಿಯಲ್ಲಿ ಧೂಳು. ಪ್ರಿಸ್ಕಾ ನನ್ನ ಹಳೆಯ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದಾಳೆ, ಗುಂಡಿ ಹೊಟ್ಟೆಯ ಮೇಲೆ ಕೂಡುವುದಿಲ್ಲ.

ದಾರಿಯಲ್ಲಿ ಡಾಕ್ಟರ್ ಮುಬಿಯಾನಾ ಸಿಕ್ಕಿದರು. ನಮ್ಮ ಕಾರ್ಯಕ್ರಮ ಯಾವಾಗ ಬರುತ್ತದೆ ಎಂದು ಕೇಳಿದರು. ಆಗಸ್ಟ್ ಎಂದೆ. ಆಗಸ್ಟ್‌ಗೆ ಮುಂಚೆ ಹೆರುವವರು ಏನು ಮಾಡಬೇಕು ಎಂದು ಸಿಟ್ಟಿಲ್ಲದೆ ಕೇಳಿದರು. ಮಾತ್ರೆ ಕಪಾಟಿನಲ್ಲಿ ಹಾಗೇ ಕೂತಿದೆಯಂತೆ, ಕೇಳಿಕೊಂಡು ಬರುವ ತಾಯಂದಿರಿಲ್ಲ. ಆಮೇಲೆ ನನ್ನ ಮುಖ ನೋಡಿ, ನಿಮ್ಮ ಮನೆಯಲ್ಲಿ ಯಾರಾದರೂ ಇದ್ದಾರೆಯೇ ಎಂದರು.

ಇಲ್ಲ ಎಂದೆ.

ಮಧ್ಯಾಹ್ನವೇ ಸಿಲುಂಬ್ವೆಯ ಮನೆಗೆ ಹೋಗಿ, ಐದು ನಿಮಿಷ ಕೊಡು, ಗ್ರಹಣದ ಮಧ್ಯೆಯೇ ತೂರಿಸುತ್ತೇನೆ ಎಂದೆ. ಆಗುವುದಿಲ್ಲ ಎಂದ. ಬಾಗಿಲವರೆಗೆ ಬಂದು, ಬೇಜಾರು ಮಾಡಿಕೊಳ್ಳಬೇಡಿ ಎಂದೂ ಹೇಳಿದ. ಅವನ ಮನೆಯಲ್ಲೂ ತೀರಿಕೊಂಡ ಅಕ್ಕನ ಮಕ್ಕಳು ನಾಲ್ಕು ಜನ ಇದ್ದಾರೆ. ಅಂಗಳದಲ್ಲಿ ಆಡುತ್ತಿದ್ದರು.

ಜೂನ್ 21, ಗುರುವಾರ

ಇವತ್ತಿನದನ್ನು ಇವತ್ತೇ ಬರೆದುಬಿಡಬೇಕು.

ಮೈದಾನದಲ್ಲಿ ಬೆಳಿಗ್ಗೆಯಿಂದ ಜನ. ಪರದೇಶದವರು ದೂರದರ್ಶಕ ನೆಟ್ಟುಕೊಂಡು ಕೂತಿದ್ದರು, ನಮ್ಮವರು ಕಡಲೆಕಾಯಿ ಮಾರುತ್ತಿದ್ದರು. ನೇರ ಪ್ರಸಾರ. ಮಧ್ಯಾಹ್ನ ಕಳೆದ ಮೇಲೆ ಬೆಳಕು ತೆಳುವಾಗುತ್ತ ಬಂತು. ಸಂಜೆಯ ಹಾಗಲ್ಲ. ದೀಪದ ಎಣ್ಣೆ ತೀರುತ್ತ ಬಂದ ಹಾಗೆ. ಚಳಿ ಮೈಗೆ ಹತ್ತಿತು. ರಸ್ತೆಯ ಮೇಲೆ ಮಿನಿಬಸ್ಸುಗಳು ದೀಪ ಹಾಕಿದವು. ಕೊನೆಯ ಬೆಳಕಿನ ಎಳೆ ಹೋಗುತ್ತಿದ್ದಂತೆ ಊರಿಗೆ ಊರೇ ಕೂಗಿತು. ಮೇಲೆ ನೋಡಿದರೆ ಕರಿಯ ಬಿಲ್ಲೆ, ಸುತ್ತ ಬಿಳಿಯ ಕೂದಲು ಕೆದರಿದಂಥ ಪ್ರಭೆ. ತಿಂಗಳುಗಟ್ಟಲೆ ವಿವರಿಸಿದ್ದವನು ನಾನು. ಒಂದು ಮಾತೂ ಬರಲಿಲ್ಲ. ಕಿವಿಯಲ್ಲಿ ನಿರ್ದೇಶಕ, ಮಾತಾಡಿ ಸರ್, ಮಾತಾಡಿ, ಎನ್ನುತ್ತಲೇ ಇದ್ದ.

ಬೆಳಕು ಮರಳಿದಾಗ ನನಗೆ ಬರೆದುಕೊಟ್ಟಿದ್ದ ಮಾತು ಬಸುರಿಯರಿಗೆ ಧೈರ್ಯ ಹೇಳುವುದು. ಹೇಳಲು ಶುರುಮಾಡಿದೆ. ನೋಡಿ, ಗ್ರಹಣ ಬಿಟ್ಟಿತು, ಹೊರಗಿದ್ದ ತಾಯಂದಿರಿಗೂ ಹೊಟ್ಟೆಯಲ್ಲಿರುವ ಮಕ್ಕಳಿಗೂ ಏನೂ ಆಗಿಲ್ಲ ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಲಿಲ್ಲ.

"ಸೂರ್ಯನಿಂದ ಮಗುವಿಗೆ ಏನೂ ಆಗೋದಿಲ್ಲ. ಎಚ್‌ಐವಿಯಿಂದ ಆಗುತ್ತೆ. ನಿಮ್ಮ ಗಂಡ ಎದೆರೋಗದಿಂದ ಸತ್ತರು ಅಂತ ಜನ ಹೇಳಿದ್ದರೆ, ದಯವಿಟ್ಟು ಪರೀಕ್ಷೆ ಮಾಡಿಸಿಕೊಳ್ಳಿ. ಹೆರಿಗೆ ಹೊತ್ತಿಗೆ ಒಂದು ಮಾತ್ರೆ ಇದೆ. ಎಲ್ಲ ಮಕ್ಕಳೂ ಉಳಿಯಲ್ಲ, ಆದರೆ ಬಹಳ ಮಕ್ಕಳು ಉಳಿಯುತ್ತವೆ."

ಕ್ಲಿನಿಕ್ಕುಗಳ ಹೆಸರು ಹೇಳಿದೆ. ಕಿವಿಯಲ್ಲಿ ಕೂಗಾಟ ಶುರುವಾಯಿತು. ತಂತಿ ಕಿತ್ತು ಜೇಬಿಗೆ ಹಾಕಿಕೊಂಡೆ. ಫ್ಯಾಕ್ಸನ್ ಕ್ಯಾಮೆರಾ ಅಲ್ಲಾಡಿಸಲಿಲ್ಲ, ಅದನ್ನು ಇನ್ನಷ್ಟು ಹತ್ತಿರ ತಂದ. ಸ್ವಲ್ಪ ಹೊತ್ತಿಗೆ ಪ್ರಸಾರದ ವ್ಯಾನಿನೊಳಗಿಂದ ಚಿತ್ರ ಬದಲಿಸಿ ಜನಸಂದಣಿ ತೋರಿಸಿದರಂತೆ. ಹೆಸರುಗಳು ಮಾತ್ರ ಆಗಲೇ ಹೋಗಿಯಾಗಿತ್ತು.

ಸಿಲುಂಬ್ವೆ ಬಂದು, ನಾಳೆಯಿಂದ ನೀವು ಬರಬೇಡಿ, ಕರೆದಾಗ ಬನ್ನಿ ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಇತ್ತು.

ಮಿನಿಬಸ್ಸಿನಲ್ಲಿ ಚಿಲೆಂಜೆಯ ನಮ್ಮ ಮನೆಗೆ ಬಂದೆ. ಪ್ರಿಸ್ಕಾ ಕೇಳಿರುತ್ತಾಳೆ, ಇನ್ನು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ ಎಂದುಕೊಂಡು ದಾರಿಯುದ್ದಕ್ಕೂ ಹಗುರಾಗಿದ್ದೆ. ಬಾಗಿಲಲ್ಲೇ ಪ್ರಿಸ್ಕಾ ಸಿಕ್ಕಿದಳು, ಮುಖ ಅರಳಿತ್ತು. ಅಕ್ಕಪಕ್ಕದವರ ಜೊತೆ ಬೀದಿಯ ಕೊನೆಯವರೆಗೂ ಹೋಗಿ ಗ್ರಹಣ ನೋಡಿ ಈಗ ತಾನೇ ಬಂದಳಂತೆ.

ಟೀವಿ ಹಾಕಿಯೇ ಇರಲಿಲ್ಲ.

ಜೂನ್ 22, ಶುಕ್ರವಾರ

ಮನೆಯಲ್ಲೇ ಇದ್ದೆ. ಎಸ್ನಾರ್ಟ್ ಶಾಲೆಯಲ್ಲಿ ಎಲ್ಲರೂ ನನ್ನ ವಿಚಾರವೇ ಆಡುತ್ತಿದ್ದಾರಂತೆ. ಅರ್ಧ ಜನ ಹೊಗಳಿದರಂತೆ, ಅರ್ಧ ಜನ ಹಬ್ಬದ ದಿನ ಹೆಣ ತಂದಿಟ್ಟ ಎಂದರಂತೆ. ಅವಳು ಮಾತ್ರ ಒಂದೇ ಮಾತು ಕೇಳಿದಳು, ಪ್ರಿಸ್ಕಾಗೆ ಹೇಳಿದಿರಾ ಎಂದು.

ಜೂನ್ 24, ಭಾನುವಾರ

ಹೇಳಿದೆ.

ಹಿತ್ತಲಲ್ಲಿ ಪ್ರಿಸ್ಕಾ ಸ್ಟೂಲಿನ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ನಿನ್ನ ಹತ್ತಿರ ಮಾತಾಡಬೇಕು ಎಂದೆ. ಅತ್ತಿಗೆಯನ್ನು ಕರೆಯಲೇ ಎಂದು ಎದ್ದಳು. ಬೇಡ, ನಿನ್ನ ಹತ್ತಿರವೇ ಎಂದೆ. ಕೂತಳು. ನಾನೂ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತೆ. ಕಾರ್ಯಕ್ರಮಕ್ಕೆಂದು ನನಗೊಂದು ದನಿ ಇದೆ, ಅದು ಬರಲಿಲ್ಲ. ಬಂದದ್ದು ತೀರ ಸಣ್ಣ ದನಿ.

"ನಿನ್ ಗಂಡಂಗೆ ಆಗಿದ್ದು ಬರೀ ಎದೆರೋಗ ಅಲ್ಲ ಅನ್ಸುತ್ತೆ ಪ್ರಿಸ್ಕಾ."

"ಗೊತ್ತು," ಎಂದಳು. ಕೈ ಸೊಪ್ಪು ಬಿಡಿಸುತ್ತಲೇ ಇತ್ತು. "ಅವರೇ ಹೇಳಿದ್ರು. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ರು."

"ನಂಗಾದ್ರೂ ಹೇಳ್ಬಾರ್ದಿತ್ತಾ?"

"ಕೇಳಿದ್ನಲ್ಲ ಅಣ್ಣ, ಮಗುಗೆ ಬೇರೆ ಏನಾದ್ರೂ ಮಾಡ್ಬೇಕಾ ಅಂತ. ನೀವು ಐರನ್ ಮಾತ್ರೆ ಅಂದ್ರಿ. ಆಗ ಅಂದ್ಕೊಂಡೆ, ಇನ್ನೇನೂ ದಾರಿ ಇಲ್ಲ ಅಂತ. ಇದ್ದಿದ್ರೆ ನಮ್ಮಣ್ಣಂಗೆ ಗೊತ್ತಿರ್ತಿತ್ತು. ಗೊತ್ತಿದ್ರೆ ಹೇಳ್ತಿದ್ರು."

ಒಂದು ತಿಂಗಳು ಅವಳು ಹೀಗೆಂದುಕೊಂಡೇ ನನಗೆ ಬಡಿಸಿದ್ದಾಳೆ, ಕೈಗೆ ನೀರು ಹಾಕಿದ್ದಾಳೆ.

ಮಾತ್ರೆಯ ವಿಚಾರ ಹೇಳಿದೆ. ಅರ್ಧಕ್ಕರ್ಧ ಎಂದರೇನು ಎಂದು ಕೇಳಿದಳು. ಸೊಪ್ಪಿನ ಎಲೆಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು, ಇಷ್ಟು ಮಕ್ಕಳಲ್ಲಿ ಇಷ್ಟಕ್ಕೆ ಅಂಟುತ್ತಿತ್ತು, ಮಾತ್ರೆ ಕೊಟ್ಟರೆ ಇಷ್ಟಕ್ಕೆ ಎಂದು ತೋರಿಸಿದೆ. ನನ್ನದು ಯಾವ ಕಡೆ ಬೀಳುತ್ತದೋ ಗೊತ್ತಾಗುವುದಿಲ್ಲ ಅಲ್ಲವೇ ಎಂದಳು. ಗೊತ್ತಾಗುವುದಿಲ್ಲ ಎಂದೆ. ಎಲೆಗಳನ್ನು ಹೆಕ್ಕಿ ತೊಳೆದು ಮತ್ತೆ ಪಾತ್ರೆಗೆ ಹಾಕಿದಳು.

ಆಮೇಲೆ, "ನೀವು, ಅತ್ತಿಗೆ ಪರೀಕ್ಷೆ ಮಾಡಿಸ್ಕೊಂಡಿದೀರಾ?" ಎಂದಳು.

ಇಲ್ಲ. ಇಷ್ಟು ವರ್ಷ ಊರಿಗೆಲ್ಲ ಹೇಳಿಯೂ ಇಲ್ಲ.

ಜೂನ್ 27, ಬುಧವಾರ

ಮೂವರೂ ಕ್ಲಿನಿಕ್ಕಿಗೆ ಹೋದೆವು. ಒಬ್ಬಳನ್ನೇ ಆ ಬೆಂಚಿನ ಮೇಲೆ ಕೂರಿಸುವುದು ನ್ಯಾಯವಲ್ಲ ಎಂದು ಎಸ್ನಾರ್ಟ್ ರಜೆ ಹಾಕಿ ಬಂದಳು. ಕಾಯುವಾಗ ನಾವು ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳ ಕೈ ಮಾತ್ರ ಹಿಡಿದುಕೊಂಡಿದ್ದೆ. ಹೊರಗೆ ಹೀಗೆ ಕೈ ಹಿಡಿದು ಎಷ್ಟು ಕಾಲವಾಯಿತೋ.

ನಮ್ಮಿಬ್ಬರಿಗೂ ಇಲ್ಲ. ಪ್ರಿಸ್ಕಾಗೆ ಇದೆ. ನಮಗಿಲ್ಲ ಎಂದಾಗ ಸಂತೋಷಪಡಲು ನಾಚಿಕೆಯಾಯಿತು. ಪ್ರಿಸ್ಕಾನೇ ಎಸ್ನಾರ್ಟ್‌ಳ ಬೆನ್ನು ಸವರಿದಳು.

ಮಾತ್ರೆಯನ್ನು ಸಣ್ಣ ಪೊಟ್ಟಣದಲ್ಲಿ ಕೊಟ್ಟರು. ನೋವು ಶುರುವಾದ ಕೂಡಲೇ ನುಂಗಬೇಕು. ಅವಳು ಅದನ್ನು ಕರವಸ್ತ್ರದಲ್ಲಿ ಗಂಟು ಹಾಕಿ ಎದೆಯೊಳಗೆ ಸೇರಿಸಿದಳು.

ಹೊರಡುವಾಗ ಡಾಕ್ಟರ್ ಮುಬಿಯಾನಾ, ನಿಮ್ಮಿಂದ ಕೆಲಸ ಜಾಸ್ತಿಯಾಯಿತು, ಬೆಂಚೂ ಸಾಲುತ್ತಿಲ್ಲ, ಜನರ ಹತ್ತಿರ ಕೂತು ಮಾತಾಡುವವರೂ ಸಾಲುತ್ತಿಲ್ಲ ಎಂದರು. ನಿಮ್ಮ ಮನೆಯಲ್ಲಿ ಯಾರೂ ಇಲ್ಲ ಎಂದಿದ್ದಿರಲ್ಲ ಎಂದು ಕೇಳಲಿಲ್ಲ.

ಜುಲೈ 15, ಭಾನುವಾರ

ಹೆಣ್ಣು. ಚಿಕ್ಕದು, ಆದರೆ ಗಂಟಲು ದೊಡ್ಡದು. ನೋವು ಶುರುವಾದಾಗ ಮಾತ್ರೆ ಕೊಟ್ಟವನು ನಾನೇ. ಎಸ್ನಾರ್ಟ್ ಟ್ಯಾಕ್ಸಿ ಹುಡುಕಲು ಹೋಗಿದ್ದಳು. ಪ್ರಿಸ್ಕಾ ಗೋಡೆ ಹಿಡಿದು ನಿಂತಿದ್ದಳು, ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. ನುಂಗಿದಳು. ಬಾಯಿ ತೆರೆದು ತೋರಿಸು ಎಂದೆ. ತೋರಿಸಿದಳು. ಆ ನೋವಿನಲ್ಲೂ ನಕ್ಕಳು.

ಮಗುವಿನ ಬಾಯಿಗೂ ಹನಿ ಹಾಕಿದ್ದಾರೆ. ಫಲಿತಾಂಶ ಈಗಲೇ ಸಿಗುವುದಿಲ್ಲ. ತಾಯಿಯ ರಕ್ತದಿಂದ ಬಂದ ಗುರುತು ಮಗುವಿನ ರಕ್ತದಿಂದ ಹೋಗಬೇಕು, ಒಂದೂವರೆ ವರ್ಷ ಕಾಯಬೇಕು. ಈ ಮಾತನ್ನೂ ಬಿಡಿಸಿ ಹೇಳಿದೆ.

ಹೆಸರು ನಾತಾಶಾ ಎಂದು ಇಟ್ಟಿದ್ದಾಳೆ. ನಮ್ಮ ಮಾತಿನಲ್ಲಿ ಕೃತಜ್ಞತೆ ಎಂದರ್ಥ. ಯಾರಿಗೆ ಎಂದು ನಾನು ಕೇಳಲಿಲ್ಲ.

ಸೆಪ್ಟೆಂಬರ್ 6, ಗುರುವಾರ

ಕೇಂದ್ರದಿಂದ ಕರೆ ಬಂತು. 'ಯಾಕೆ ಹೀಗೆ?' ನಿಂತಿದೆ. ನನಗೆ ಹಳೆಯ ಟೇಪುಗಳ ಕೋಣೆಯಲ್ಲಿ ಕೆಲಸ. ಡಾಕ್ಟರ್ ಮುಬಿಯಾನಾ ಅವರ ಟೇಪ್ ಆಗಸ್ಟಿನಲ್ಲೂ ಹೋಗಲಿಲ್ಲ. ಅದು ಈಗ ನನ್ನದೇ ಕಪಾಟಿನಲ್ಲಿದೆ.

ಬೆಳಿಗ್ಗೆ ಕೆಲಸಕ್ಕೆ ಮುಂಚೆ ಕ್ಲಿನಿಕ್ಕಿಗೆ ಹೋಗಿದ್ದೆ. ಹೆಂಡತಿಯರ ಜೊತೆ ಬಂದ ಗಂಡಸರು ಗೇಟಿನ ಹೊರಗೇ ನಿಂತುಬಿಡುತ್ತಾರೆ. ಅವರ ಜೊತೆ ನಿಂತು ಮಾತಾಡಿ ಎಂದು ಡಾಕ್ಟರ್ ಹೇಳಿದ್ದರು. ಒಬ್ಬ ಲಾರಿ ಡ್ರೈವರ್ ಒಂದು ಗಂಟೆ ವಾದ ಮಾಡಿದ. ಕಾಲು ಸೋತು ಬಂತು. ನಾಳೆ ಮತ್ತೆ ಬರುತ್ತೇನೆ ಎಂದಿದ್ದಾನೆ, ನಾನೂ ಹೋಗಲೇಬೇಕು.

ಜನವರಿ 16, 2002, ಬುಧವಾರ

ಮಗುವಿಗೆ ಆರು ತಿಂಗಳು. ಹಾಲಿನಿಂದಲೂ ಅಂಟಬಹುದೆಂದು, ಡಾಕ್ಟರ್ ಹೇಳಿದಂತೆ ಎದೆಹಾಲು ಒಮ್ಮೆಲೇ ಬಿಡಿಸಿದ್ದಾಳೆ. ಎರಡು ದಿನದಿಂದ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಮಗು ಅಳುತ್ತದೆ, ತಾಯಿ ಆಚೆ ಕೋಣೆಯಲ್ಲಿ ಕೂತು ಅಳುತ್ತಾಳೆ. ಇದಕ್ಕೆ ವಿವರಣೆ ನನ್ನ ಹತ್ತಿರ ಇದೆ. ಸುಮ್ಮನೆ ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ತಿರುಗಿದೆ.

ಜನವರಿ 21, 2003, ಮಂಗಳವಾರ

ಮಗುವಿಗೆ ಇಲ್ಲ.

ನರ್ಸ್ ಎರಡು ಸಲ ಹೇಳಿದರು. ಪ್ರಿಸ್ಕಾ ಕೇಳಿಸಿಕೊಂಡಳೋ ಇಲ್ಲವೋ, ಮಗುವಿನ ಟೋಪಿ ಸರಿಮಾಡುತ್ತಲೇ ಇದ್ದಳು. ಈ ವರ್ಷ ಬಹಳ ಇಳಿದುಹೋಗಿದ್ದಾಳೆ. ಅವಳಿಗೆ ಬೇಕಾದ ಔಷಧ ದೊಡ್ಡ ಆಸ್ಪತ್ರೆಗೆ ಬರುತ್ತದೆ ಎನ್ನುತ್ತಿದ್ದಾರೆ, ಹೆಸರು ಬರೆಸಿ ಬಂದಿದ್ದೇವೆ. ಬರುವವರೆಗೆ ಅವಳು ತಡೆಯಬೇಕು.

ಮಿನಿಬಸ್ಸು ತುಂಬಿತ್ತು. ಮಗು ನನ್ನ ತೊಡೆಯ ಮೇಲೆ ನಿದ್ದೆಹೋಗಿತ್ತು. ಕಬ್ವಾಟಾ ಬಡಾವಣೆ ದಾಟುವ ಹೊತ್ತಿಗೆ ಪ್ರಿಸ್ಕಾ ನನ್ನ ತೋಳು ಮುಟ್ಟಿದಳು.

"ಅಣ್ಣ, ಅವರೇನಂದ್ರು, ಇನ್ನೊಂದ್ಸಲ ಹೇಳಿ."

"ನಾತಾಶಾಗೆ ಎಚ್‌ಐವಿ ಇಲ್ಲ ಅಂದ್ರು."

"ಜೋರಾಗಿ ಹೇಳಿ."

ಹೇಳಿದೆ. ಬಸ್ಸಿನಲ್ಲಿ ಮಾತು ನಿಂತಿತು. ಡ್ರೈವರ್ ಕನ್ನಡಿಯಲ್ಲಿ ನೋಡಿದ. ಪ್ರಿಸ್ಕಾ ಕಿಟಕಿಗೆ ತಲೆಯೊರಗಿಸಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಸೀಟಿನಿಂದ ಒಬ್ಬ ಹೆಂಗಸು ಬಗ್ಗಿ, ತಗ್ಗಿದ ದನಿಯಲ್ಲಿ, ಯಾವ ಕ್ಲಿನಿಕ್ಕು, ಯಾವ ವಾರ ಹೋಗಬೇಕು ಎಂದು ಕೇಳಿದಳು. ಹೇಳಿದೆ. ಗಂಡ ಬರುವುದಿಲ್ಲ ಎನ್ನುತ್ತಾನೆ, ಏನು ಮಾಡಲಿ ಎಂದಳು. ಅದಕ್ಕೂ ಹೇಳಿದೆ. ಅವಳ ಪಕ್ಕದವಳು ಇನ್ನೇನೋ ಕೇಳಿದಳು.

ನಾವು ಇಳಿಯುವ ಜಾಗ ಎಂದೋ ದಾಟಿಹೋಗಿತ್ತು. ಕೊನೆಯ ನಿಲ್ದಾಣದಿಂದ ಬಿಸಿಲಲ್ಲಿ ನಡೆದು ಬಂದೆವು, ಮಗು ನನ್ನ ಹೆಗಲ ಮೇಲೆ, ಪ್ರಿಸ್ಕಾ ಅಲ್ಲಲ್ಲಿ ನಿಂತು ಸುಧಾರಿಸಿಕೊಳ್ಳುತ್ತ. ವಿಪರೀತ ದಣಿವು. ಇಷ್ಟು ಬರೆದದ್ದು ಸಾಕು, ಮಗು ಎದ್ದಿದೆ.